ಗೌಡ್ರು ನಮ್ಮ ಮನೆಯಲ್ಲಿ ಬೇಸಿಗೆ ಕಳೆದದ್ದು

ಬೆಳಿಗ್ಗೆ ಎದ್ದ ಕೂಡಲೇ ಅಂಗೈ ನೋಡಿಕೊಳ್ಳಬೇಕು, ಆಮೇಲೆ ದೇವರ ಪಟ ನೋಡಬೇಕು ಎಂದು ನನಗೂ ಚಿಕ್ಕಂದಿನಲ್ಲಿ ಕಲಿಸಿದ್ದಾರೆ. ಹೋದ ಬೇಸಿಗೆಯಲ್ಲಿ ಮಾತ್ರ ನಾನು ಎದ್ದ ಕೂಡಲೇ ನೋಡುತ್ತಿದ್ದದ್ದು ಒಂದು ಥರ್ಮಾಮೀಟರನ್ನು. ನಮ್ಮ ಪಡಸಾಲೆಯಲ್ಲಿ ನಾಲ್ಕು ಅಡಿ ಉದ್ದದ ಗಾಜಿನ ತೊಟ್ಟಿಯೊಂದಿತ್ತು. ಅದರಲ್ಲಿ ಐದು ಮೀನುಗಳಿದ್ದವು. ಆ ನೀರು ಎಷ್ಟು ಬಿಸಿಯಾಗಿದೆ ಎಂದು ತಿಳಿಯುವತನಕ ನನಗೆ ಚಹಾ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅದೇ ತಿಂಗಳು ನಮ್ಮ ಯಜಮಾನರಿಗೂ ಎರಡು ದಿನ ಮೈ ಬೆಚ್ಚಗಿತ್ತಂತೆ. ಅದು ನನಗೆ ಗೊತ್ತಾದದ್ದು ಅವರು ಗುಣವಾಗಿ ಯಲಬುರ್ಗಾದ ತಮ್ಮ ಆಫೀಸಿಗೆ ಹೋಗಲು ಶುರುಮಾಡಿದ ಮೇಲೆ.

ನಮ್ಮ ಕಡೆಯ ಬಿಸಿಲಿನ ಬಗ್ಗೆ ನಮ್ಮವರನ್ನು ಕೇಳಬಾರದು. ಕೇಳಿದರೆ ಅದೊಂದು ಪಂದ್ಯವಾಗುತ್ತದೆ. ಕುಷ್ಟಗಿಯವರು ತಮ್ಮಲ್ಲಿ ಮಧ್ಯಾಹ್ನ ಕಾಗೆಯೂ ಹಾರುವುದಿಲ್ಲ ಎನ್ನುತ್ತಾರೆ. ಯಲಬುರ್ಗಾದವರು, ನಮ್ಮಲ್ಲಿ ಕಾಗೆಗಳು ಬೇಸಿಗೆಗೆ ಕುಷ್ಟಗಿಗೇ ಹೋಗುತ್ತವೆ, ತಂಪಿಗೆ, ಎಂದು ಉತ್ತರ ಕೊಡುತ್ತಾರೆ. ಗಂಗಾವತಿಯವರಿಗೆ ಕಾಲುವೆ ನೀರಿನ ಗತ್ತು. ಅವರು ಬಿಸಿಲಿನ ಮಾತು ಬಿಟ್ಟು ಬೆವರಿನ ಲೆಕ್ಕ ಹೇಳುತ್ತಾರೆ. ಕೊಪ್ಪಳಕ್ಕೆ ಅಂಟಿಕೊಂಡಿರುವ ನಮ್ಮ ಭಾಗ್ಯನಗರದವರು ಈ ವಾದಕ್ಕೆ ಹೋಗುವುದಿಲ್ಲ. ಸುತ್ತಲ ಬಂಡೆಗುಡ್ಡಗಳು ಹಗಲೆಲ್ಲ ಕುಡಿದ ಕಾವನ್ನು ಸಂಜೆ ನಮ್ಮ ಮೇಲೆ ಉಗುಳುವಾಗ, ನಾವು ಗೋಡೆಗೆ ಬೆನ್ನು ತಾಗಿಸದೆ ಕೂರುವುದು ಹೇಗೆ ಎಂಬ ವಿದ್ಯೆಯಲ್ಲಿ ಮುಳುಗಿರುತ್ತೇವೆ.

ಇಂಥ ಊರಿನಲ್ಲಿ ಮೀನು ಸಾಕುವ ಹುಚ್ಚು ನನ್ನದಲ್ಲ. ಅದು ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ತರರಾಗಿದ್ದ ವೀರೇಶ ಅವರದು. ಆರಡಿ ಆಳು, ಪೊದೆಮೀಸೆ. ಅವರು ವರಾಂಡದಲ್ಲಿ ಕೆಮ್ಮಿದರೆ ನನ್ನ ತರಗತಿಯ ಮಕ್ಕಳು ನೆಟ್ಟಗೆ ಕೂರುತ್ತಿದ್ದರು. ನಿಜ ಹೇಳಬೇಕೆಂದರೆ ನಾನೂ ಕೂರುತ್ತಿದ್ದೆ. ಅವರಿಗೆ ಕುಷ್ಟಗಿ ಕಡೆಯ ಹಳ್ಳಿಗೆ ವರ್ಗವಾಯಿತು. ಅಲ್ಲಿ ಸಿಕ್ಕ ಬಾಡಿಗೆ ಮನೆಗೆ ತಗಡಿನ ಚಾವಣಿ. ಮದುವೆಯಾಗದ ಮನುಷ್ಯ, ತನಗಾದರೆ ನಡೆದೀತು, ಮೀನಿಗೆ? ಒಂದು ದಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ಎದ್ದು ಹೋಗುವತನಕ ಕಾದು, ನನ್ನ ಮುಂದೆ ಬಂದು ನಿಂತರು.

“ಟೀಚರ್ರ, ನೀವು ಸೈನ್ಸ್ ಓದಿದವರು. ನಿಮ್ಮದು ಆರ್‌ಸಿಸಿ ಮನಿ. ಮಳಿ ಹತ್ತೋಮಟ ನಮ್ಮ ಮೀನು ಇಟಗೊಂತೀರೇನ್ರಿ?”

ಹೇಗೆ ತಪ್ಪಿಸಿಕೊಳ್ಳುವುದೆಂದು ನಾನು ಯೋಚಿಸುತ್ತಿದ್ದಾಗಲೇ ಅವರು ಕಿಟಕಿಯ ಕಡೆ ತಿರುಗಿ ಮುಂದಿನ ಮಾತು ಹೇಳಿದರು. “ಅದರಾಗ ದೊಡ್ಡದೊಂದು ಐತಲ್ರಿ, ಅದಕ್ಕ ನಮ್ಮವ್ವ ದಿನಾ ಕೈಯಾರೆ ಕಾಳು ಹಾಕತಿದ್ಲು. ಅವ್ವ ಹೋಗಿ ಎರಡು ವರ್ಷಾತು. ಆಕಿ ಕೈ ಕಂಡ ಜೀವ ಅಂತ ಮನ್ಯಾಗ ಅದೊಂದ ಉಳದೈತಿ.”

ಇದಾದ ಮೇಲೆ ಯಾರು ತಾನೇ ಇಲ್ಲ ಎನ್ನುತ್ತಾರೆ? ಮರುದಿನ ನಾಲ್ಕು ಜನ ಹಮಾಲರು ಗಾಜಿನ ತೊಟ್ಟಿಯನ್ನು ದೇವರ ಪಲ್ಲಕ್ಕಿಯಂತೆ ಹೊತ್ತು ತಂದು ನಮ್ಮ ಪಡಸಾಲೆಯಲ್ಲಿ ಇಳಿಸಿದರು. ಹಿಂದೆಯೇ ಡ್ರಾಯಿಂಗ್ ಮಾಸ್ತರರು ಎರಡೂ ಕೈಯಲ್ಲಿ ಒಂದು ಬಕೆಟ್ ಹಿಡಿದು, ನೀರು ತುಳುಕದ ಹಾಗೆ, ಪುಟ್ಟ ಪುಟ್ಟ ಹೆಜ್ಜೆ ಇಡುತ್ತ ಬಂದರು.

ನಮ್ಮ ಅತ್ತೆಯವರಿಗೆ ಇದು ಒಂದಿಷ್ಟೂ ಸೇರಲಿಲ್ಲ. ನಮಗೆ ನಳ ಬರುವುದು ಎಂಟು ದಿನಕ್ಕೊಮ್ಮೆ. “ಕುಡ್ಯಾಕ ನೀರು ಅಳದು ಅಳದು ಇಡ್ತೀವಿ. ಇವುಕ್ಕ ಈಸ್ಯಾಡಾಕ ಒಂದು ಬಾವಿ ನೀರು!” ಎಂದರು. ಅಂದವರು ಬಕೆಟ್ಟಿನೊಳಗೆ ಬಗ್ಗಿ ನೋಡಿದರು. ಆ ದೊಡ್ಡ ಗೋಲ್ಡ್‌ಫಿಶ್ ನನ್ನ ಅಂಗೈಯಷ್ಟಿತ್ತು. ಮೈ ಬೆಳ್ಳಗೆ, ತಲೆಯ ಮೇಲೆ ಮಾತ್ರ ಉಬ್ಬಿದ ಕೆಂಪು ಗಡ್ಡೆ. ಯಾರೋ ಒಪ್ಪವಾಗಿ ರುಮಾಲಿನ ಪಟಗಾ ಸುತ್ತಿದ ಹಾಗೆ. ಅತ್ತೆಯವರು ಸೆರಗು ಸರಿಮಾಡಿಕೊಂಡು, “ಇವರೇನು, ಗೌಡ್ರು ಬಂದಂಗ ಬಂದಾರಲ್ಲ!” ಎಂದರು. ಅವತ್ತಿನಿಂದ ಅದು ಗೌಡ್ರು. ಉಳಿದ ನಾಲ್ಕು ಚಿಕ್ಕವು ಗೌಡ್ರ ಮಂದಿ. ಅತ್ತೆಯವರು ನನ್ನನ್ನು ‘ನೀ’ ಎನ್ನುತ್ತಾರೆ, ಮಗನನ್ನು ‘ನೀ’ ಎನ್ನುತ್ತಾರೆ, ಮೀನಿಗೆ ಬಹುವಚನ.

ಗೋಲ್ಡ್‌ಫಿಶ್ ಎಂಬ ಜಾತಿ ಹುಟ್ಟಿದ್ದು ನಮ್ಮ ಸೀಮೆಯಲ್ಲಲ್ಲ. ಚೀನಾ ದೇಶದ ತಂಪು ಕೊಳಗಳಲ್ಲಿ ಕಂದು ಬಣ್ಣದ ಒಂದು ಮೀನಿತ್ತು, ಅದರ ಮರಿಗಳಲ್ಲಿ ಎಂದೋ ಒಂದು ಕೆಂಪಾಗಿ ಹುಟ್ಟಿ, ಅದನ್ನು ಕಂಡು ಮರುಳಾದವರು ಅದರ ವಂಶವನ್ನು ಬೆಳೆಸಿ, ತಲೆಮಾರುಗಟ್ಟಲೆ ಆಯ್ದು ಆಯ್ದು, ಕಡೆಗೆ ಅದರ ತಲೆಗೆ ಪಟಗಾವನ್ನೂ ಬರಿಸಿದರು. ಅರಮನೆಯ ಅಂಗಳದಲ್ಲಿ, ಪಿಂಗಾಣಿ ಬೋಗುಣಿಗಳಲ್ಲಿ ಬಾಳಿದ ಮನೆತನ. ಅಂಥವರ ಕುಡಿಯೊಂದು ಎಪ್ರಿಲ್ ತಿಂಗಳಲ್ಲಿ ಭಾಗ್ಯನಗರಕ್ಕೆ ಬಂದು ಇಳಿದಿದೆ ಎಂದರೆ, ನನಗೆ ಸ್ವಲ್ಪ ನಾಚಿಕೆಯೂ ಆಗುತ್ತಿತ್ತು.

ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಗಾಳಿ ಕಡಿಮೆಯಾಗುತ್ತದೆ. ಅದೇ ಹೊತ್ತಿಗೆ ಮೀನಿಗೆ ಗಾಳಿ ಹೆಚ್ಚು ಬೇಕಾಗುತ್ತದೆ. ಇದನ್ನು ನಾನು ಎಷ್ಟೋ ವರ್ಷ ಪಾಠ ಮಾಡಿದ್ದೇನೆ, ಎರಡು ಅಂಕದ ಪ್ರಶ್ನೆಯಾಗಿ ಕೇಳಿದ್ದೇನೆ, ಬರೆಯದವರಿಗೆ ಸೊನ್ನೆ ಕೊಟ್ಟಿದ್ದೇನೆ. ಆದರೆ ಕಣ್ಣಾರೆ ಕಂಡದ್ದು ಗೌಡ್ರು ಬಂದ ನಾಲ್ಕನೆಯ ದಿನ. ಮಧ್ಯಾಹ್ನ ಥರ್ಮಾಮೀಟರು ಮೂವತ್ತೆರಡು ತೋರಿಸುತ್ತಿತ್ತು. ಗೌಡ್ರು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆಯುತ್ತ ಮುಚ್ಚುತ್ತ ನಿಂತಿದ್ದರು. ಕಿವಿರು ಪಟಪಟ ಬಡಿಯುತ್ತಿತ್ತು. ನನ್ನ ಎದೆಯೂ ಹಾಗೇ ಬಡಿಯತೊಡಗಿತು.

ಗಾಬರಿಯಾದ ವಿದ್ಯಾವಂತರು ಮಾಡುವ ಕೆಲಸವನ್ನು ನಾನೂ ಮಾಡಿದೆ. ಓಡಿಹೋಗಿ ಕಬ್ಬಿನ ಹಾಲಿನ ಅಂಗಡಿಯಿಂದ ಗೋಣಿಚೀಲದಲ್ಲಿ ಸುತ್ತಿದ ದೊಡ್ಡ ಬರ್ಫದ ಗಡ್ಡೆ ತಂದು, ತೊಳೆದು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ತೊಟ್ಟಿಗೆ ಇಳಿಬಿಟ್ಟೆ. ಥರ್ಮಾಮೀಟರಿನ ಕೆಂಪು ಗೆರೆ ಸರಸರ ಇಳಿಯಿತು. ನಾನು ಹೆಮ್ಮೆಯಿಂದ ಹಿಂದೆ ಸರಿದು ನಿಂತೆ. ಗೌಡ್ರೂ ಇಳಿದರು, ಸೀದಾ ತಳಕ್ಕೆ ಹೋಗಿ ಮೂಲೆಯಲ್ಲಿ ಒಂದು ಪಕ್ಕಕ್ಕೆ ವಾಲಿ ಕೂತರು.

“ಬಿಸಲಾಗಿಂದ ಬಂದವರ ನೆತ್ತಿ ಮ್ಯಾಲೆ ಬಾವಿ ನೀರು ಸುರುವಿದಂಗ ಮಾಡಿದೆಲ್ಲ! ತಗಿ ಅದನ್ನ!” ಎಂದು ಅತ್ತೆಯವರು ಅಡುಗೆಮನೆಯಿಂದಲೇ ಕೂಗಿದರು.

ತೆಗೆದೆ. ಸಂಜೆಗೆ ಗೌಡ್ರು ನೆಟ್ಟಗಾದರು, ನೀರು ಮತ್ತೆ ಮೂವತ್ತೆರಡಕ್ಕೆ ಹೋಯಿತು. ಸರಿಯಾಗಿ ಏಳು ಗಂಟೆಗೆ ಡ್ರಾಯಿಂಗ್ ಮಾಸ್ತರರ ಫೋನು ಬಂತು. ದಿನವೂ ಬರುತ್ತಿತ್ತು. ಮೊದಲ ದಿನ ಅವರು “ಟೀಚರ್ರ, ಆರಾಮೇನ್ರಿ? ಊಟ ಆತೇನ್ರಿ?” ಎಂದಾಗ ನಾನು ನನ್ನ ಆರೋಗ್ಯವನ್ನೂ ರೊಟ್ಟಿ, ಪುಂಡಿಪಲ್ಯವನ್ನೂ ವಿವರವಾಗಿ ಹೇಳಿ ಮುಗಿಸಿದ ಮೇಲೆ, ಆ ಕಡೆಯಿಂದ ಸಂಕೋಚದ ದನಿಯಲ್ಲಿ “ನಿಮ್ಮದಲ್ರಿ, ಅದರದು” ಎಂದು ಬಂದಿತ್ತು. ಬರ್ಫದ ದಿನ ನಾನು “ಭಾಳ ಆರಾಮದಾರ್ರಿ” ಎಂದು ಸುಳ್ಳು ಹೇಳಿದೆ. ಅವರು ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. ಆ ನಿಟ್ಟುಸಿರು ನನ್ನನ್ನು ನಿದ್ದೆ ಮಾಡಗೊಡಲಿಲ್ಲ.

ಮರುದಿನ ಮನೆಯ ಕೂಲರಿನ ಮುಖ ತೊಟ್ಟಿಯ ಕಡೆ ತಿರುಗಿತು. ನಾವು ಮೂವರೂ ತೊಟ್ಟಿಯ ಹಿಂದೆ, ಗೌಡ್ರನ್ನು ದಾಟಿ ಬಂದ ಗಾಳಿಗೆ ಮುಖವೊಡ್ಡಿ ಊಟ ಮಾಡಿದೆವು. ಅದರಿಂದಲೂ ಹೆಚ್ಚೇನೂ ಆಗಲಿಲ್ಲ. ಮೂರನೆಯ ದಿನ ಅತ್ತೆಯವರಿಗೆ ತಡೆಯಲಾಗಲಿಲ್ಲ. ತೊಟ್ಟಿಯ ಮೇಲಿನ ಗಾಜಿನ ಮುಚ್ಚಳವನ್ನು ಬೆರಳಿನಿಂದ ಕುಟ್ಟಿ, “ಡಬರಿ ಮುಚ್ಚಿಟ್ಟು ಅನ್ನ ಆರಲಿ ಅಂತ ಕುಂತಿಯಲ್ಲ ನೀನು. ನನ್ನ ಹರವಿ ನೋಡು ಬಾ” ಎಂದು ಕರೆದುಕೊಂಡು ಹೋದರು.

ಹರವಿ ಎಂದರೆ ಕುಡಿಯುವ ನೀರಿನ ದೊಡ್ಡ ಮಣ್ಣಿನ ಗಡಿಗೆ. ಅಡುಗೆಮನೆಯ ಮೂಲೆಯಲ್ಲಿ, ಉಸುಕಿನ ಮೇಲೆ, ಮೈಗೆ ಒದ್ದೆ ಬಟ್ಟೆ ಸುತ್ತಿಕೊಂಡು, ಕಿಟಕಿಯ ಗಾಳಿಗೆ ಅದು ಎಷ್ಟೋ ವರ್ಷದಿಂದ ಕೂತಿದೆ. ಅತ್ತೆಯವರ ರಾಜ್ಯಕ್ಕೆ ಅದೇ ಗದ್ದುಗೆ. ನಾನು ಮದುವೆಯಾಗಿ ಈ ಮನೆಗೆ ಕಾಲಿಟ್ಟ ದಿನ ಅವರು ಕೊಟ್ಟ ಮೊದಲ ತಂಬಿಗೆ ನೀರು ಅದರದು. ನಳದ ನೀರನ್ನು ಅವರು ಹರವಿಯಲ್ಲಿ ಒಂದು ದಿನ ಕೂಡಿಸದೆ ಯಾರಿಗೂ ಕೊಡುವುದಿಲ್ಲ. “ನೀರು ಕುಂದ್ರಬೇಕು, ತಿಳಿಬೇಕು, ಗಾಳಿ ಆಡಬೇಕು” ಎಂಬುದು ಅವರ ಮಾತು.

ನನಗೆ ನನ್ನ ಮೇಲೇ ನಗು ಬಂತು. ಹರವಿಯ ಮೈಯಿಂದ ನೀರು ಆವಿಯಾಗಿ ಹೋಗುವಾಗ ಒಳಗಿನ ಕಾವನ್ನೂ ಕರೆದುಕೊಂಡು ಹೋಗುತ್ತದೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ಬಾಣ ಹಾಕಿ ಕಲಿಸುವವಳು ನಾನೇ. ಆ ಬಾಣ ಅಡುಗೆಮನೆಯಿಂದ ಪಡಸಾಲೆಗೆ ಬರಲು ಅತ್ತೆಯವರು ಬೈಯಬೇಕಾಯಿತು. ಮುಚ್ಚಳ ತೆಗೆದೆ. ತೊಟ್ಟಿಯ ಲೈಟು ಆರಿಸಿದೆ. ಮೀನು ಹಾರಬಾರದೆಂದು ಹಳೆಯ ಸೊಳ್ಳೆಪರದೆಯ ತುಂಡು ಬಿಗಿದು, ಟೇಬಲ್ ಫ್ಯಾನನ್ನು ಓರೆಯಾಗಿಟ್ಟು ನೀರಿನ ಮೇಲೆ ಗಾಳಿ ಹಾಯುವಂತೆ ಮಾಡಿದೆ. ಪಶ್ಚಿಮದ ಕಿಟಕಿಗೆ ಒದ್ದೆ ಗೋಣಿತಾಟು ಬಿತ್ತು. ಸಂಜೆಗೆ ಮೂವತ್ತು, ಮರುದಿನ ಬೆಳಿಗ್ಗೆ ಇಪ್ಪತ್ತೇಳು. ನಮ್ಮ ಒಣ ಗಾಳಿಗೆ ಬಾಯಾರಿಕೆ ಬಹಳ. ಅದು ನೀರನ್ನು ಆತುರದಿಂದ ಕುಡಿಯುತ್ತದೆ, ಕುಡಿದಷ್ಟೂ ತೊಟ್ಟಿ ತಂಪಾಗುತ್ತದೆ. ನಾನು ಜನ್ಮದಲ್ಲಿ ಮೊದಲ ಸಲ ನಮ್ಮ ಊರಿನ ಗಾಳಿಗೆ ಕೃತಜ್ಞಳಾದೆ.

ಇದರಲ್ಲಿ ಒಂದೇ ತೊಡಕು. ದಿನಕ್ಕೆ ಒಂದು ಬೆರಳಿನಷ್ಟು ನೀರು ಇಳಿಯುತ್ತಿತ್ತು. ಕಾವು ತಾನಾಗಿ ಹೊರಗೆ ಹೋಗುವುದಿಲ್ಲ, ಅದನ್ನು ಕಳಿಸಲು ನೀರೇ ಜೊತೆಗೆ ಹೋಗಬೇಕು. ನಾನು ಬಕೆಟ್ಟಿನಲ್ಲಿ ಒಂದು ದಿನ ಇಟ್ಟ ನೀರನ್ನು ತುಸು ತುಸು ಹಾಕುತ್ತಿದ್ದೆ. ಆದರೆ ಎಂಟು ದಿನದ ಕೊನೆಕೊನೆಗೆ ಮನೆಯಲ್ಲಿ ಬಳಸುವುದಕ್ಕೇ ಸಾಲದೆ ಬಂದು, ತೊಟ್ಟಿ ಅರ್ಧ ಗೇಣು ಖಾಲಿಯಾಗಿ ನಿಂತಿತು.

ನಳ ಬಂದ ದಿನದ ಭಾಗ್ಯನಗರವನ್ನು ನೀವು ನೋಡಬೇಕು. ಯಾರೂ ಯಾರೊಡನೆಯೂ ಮಾತಾಡುವುದಿಲ್ಲ. ಹಂಡೆ, ಕೊಡ, ಬಕೆಟ್ಟು ತುಂಬಿದ ಮೇಲೆ ಪ್ರೆಶರ್ ಕುಕ್ಕರು, ಅದಾದ ಮೇಲೆ ಟಿಫಿನ್ ಡಬ್ಬಿ. ಒಮ್ಮೆ ನಾನು ಬಹುಮಾನವಾಗಿ ಪಡೆದಿದ್ದ ಹಿತ್ತಾಳೆಯ ಹೂದಾನಿಯೂ ತುಂಬಿ ನಿಂತಿತ್ತು. ಅವತ್ತು ಮನೆಯಲ್ಲಿ ಖಾಲಿ ಪಾತ್ರೆ ಇದ್ದರೆ ಅದು ಮನೆಯ ಹೆಂಗಸರಿಗೆ ಅವಮಾನ. ಬೇಸಿಗೆಯಲ್ಲಿ ಆ ನೀರಿಗೆ ಬ್ಲೀಚಿಂಗ್ ಪೌಡರಿನ ಘಾಟು ಜೋರಾಗಿರುತ್ತದೆ. ಅದು ನಮ್ಮ ಒಳ್ಳೆಯದಕ್ಕೇ. ಒಂದು ದಿನ ಇಟ್ಟರೆ ವಾಸನೆ ಹೋಗುತ್ತದೆ. ಆದರೆ ಬಂದ ಗಳಿಗೆಯಲ್ಲಿ ಆ ನೀರನ್ನು ಮೀನಿನ ತೊಟ್ಟಿಗೆ ಹಾಕಿದರೆ ಕಿವಿರು ಸುಟ್ಟು, ಮೀನು ಉಳಿಯುವುದು ಕಷ್ಟ. “ಗಾಜಿನ ಪೆಟಗಿ ಮಾತ್ರ ಮುಟ್ಟಬ್ಯಾಡ್ರಿ ಅತ್ತಿ” ಎಂದು ನಾನು ಹೇಳಿಯೇ ಇದ್ದೆ. ಯಾಕೆ ಎಂದು ಹೇಳಿರಲಿಲ್ಲ. ಸೊಸೆಯಂದಿರಿಗೂ ಕೆಲವೊಮ್ಮೆ ಕಾರಣ ಕೊಡದೆ ಅಪ್ಪಣೆ ಮಾಡುವ ಆಸೆ ಇರುತ್ತದೆ.

ಅವತ್ತು ನಾನು ಗಂಗಾವತಿಯಲ್ಲಿದ್ದೆ, ಹತ್ತನೆಯ ತರಗತಿಯ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ. ನನ್ನ ಪಾಲಿನ ಕಟ್ಟು ಮುಗಿಸಿ ಹೊರಗೆ ಬಂದಾಗ ಪಕ್ಕದ ಮನೆಯ ಶಾಂತಕ್ಕನ ಫೋನು.

“ಟೀಚರ್ರ, ಮಧ್ಯಾಹ್ನ ನಳ ಬಂದಾವ್ರಿ. ಕರೆಂಟ್ ಹನ್ನೆರಡಕ್ಕ ಹೋಗಿದ್ದು ಇನ್ನೂ ಬಂದಿಲ್ಲ. ಆದ್ರ ನೀವು ಚಿಂತಿ ಮಾಡಬ್ಯಾಡ್ರಿ, ನಿಮ್ಮ ಅತ್ತಿಯವರು ಎಲ್ಲಾ ತುಂಬಿಸ್ಯಾರ. ಮೀನಿನ ಪೆಟಗಿನೂ ಗಂಟಲಮಟ ತುಂಬಿಸ್ಯಾರ!”

ಚಿಂತೆ ಮಾಡಬೇಡಿ ಎಂದು ಹೇಳುತ್ತಲೇ ನನ್ನ ಕಾಲ ಕೆಳಗಿನ ನೆಲ ಜಾರಿಸಿದಳು. ಅತ್ತೆಯವರಿಗೆ ಫೋನು ಹಚ್ಚಿದೆ. ಎತ್ತಲಿಲ್ಲ. ನಳ ಬಂದ ದಿನ ಯಾರ ಕಿವಿಗೂ ಫೋನು ಕೇಳಿಸುವುದಿಲ್ಲ. ಸಿಕ್ಕ ಬಸ್ಸು ಹತ್ತಿದೆ. ಕಿಟಕಿಯಿಂದ ಬರುವ ಗಾಳಿ ಒಲೆಯ ಬಾಯಿಂದ ಬಂದಂತಿತ್ತು. ಕುಡಿಯುವ ನೀರಿನ ಬಾಟಲಿಯನ್ನು ಮೇಜಿನ ಮೇಲೇ ಮರೆತು ಬಂದಿದ್ದೆ. ಅದು ನೆನಪಾದದ್ದೂ ಇಲ್ಲ. ಏಳು ಗಂಟೆಗೆ ಫೋನು ಬರುತ್ತದೆ, ಆ ಮನುಷ್ಯನಿಗೆ ಏನು ಹೇಳಲಿ ಎಂಬುದೊಂದೇ ತಲೆಯಲ್ಲಿ. “ಸರ್, ಒಂದು ಮಾತು...” ಎಂದು ಶುರುಮಾಡಿ ನೋಡಿದೆ. “ಎಲ್ಲಾ ಪ್ರಯತ್ನ ಮಾಡಿದ್ವಿ ಸರ್” ಎಂದು ಇನ್ನೊಂದು. ಯಾವ ಕಡೆಯಿಂದ ಶುರುಮಾಡಿದರೂ ವಾಕ್ಯ ಅವರ ಅವ್ವನ ಕೈಯ ಹತ್ತಿರ ಬಂದು ನಿಂತುಬಿಡುತ್ತಿತ್ತು.

ಪಕ್ಕದಲ್ಲಿ ಕೂತಿದ್ದ ಹೆಂಗಸು ದಾರಿಯಲ್ಲಿ ಇಳಿದು ಹುಲಿಗಿಯ ಅಮ್ಮನ ಗುಡಿಗೆ ಹೋಗುವವಳು. ನನ್ನ ಮುಖ ನೋಡಿ, “ಯಾಕವ್ವ, ಮನ್ಯಾಗ ಯಾರಿಗರ ಆರಾಮಿಲ್ಲೇನು?” ಎಂದಳು. ನಾನು ಅನುಮಾನಿಸಿ, “ಮೀನಿಗೆ” ಎಂದೆ. ಅವಳು ನಗಲಿಲ್ಲ. “ಮೀನಾದ್ರೇನು, ಮನ್ಯಾಗಿಂದು ಜೀವ. ಅಮ್ಮಗ ನಿನ್ನ ಹೆಸರಿಲೆ ಒಂದು ಕಾಯಿ ಒಡಸ್ತೀನಿ ಬಿಡು” ಎಂದಳು. ನನಗೆ ಅಲ್ಲಿಯೇ ಕಣ್ಣು ತುಂಬಿತು. ಇನ್ನೊಂದು ಕಡೆ, ಅತ್ತೆಯವರಿಗೆ ಏನೇನು ಅನ್ನಬೇಕೆಂದು ಹದಿನಾರು ವರ್ಷದಿಂದ ಕೂಡಿಟ್ಟ ಮಾತುಗಳೂ ಒಂದೊಂದಾಗಿ ಎದ್ದು ಸಾಲಾಗಿ ನಿಲ್ಲುತ್ತಿದ್ದವು.

ಮನೆ ಮುಟ್ಟಿದಾಗ ಐದೂವರೆ. ಚಪ್ಪಲಿ ಬಿಚ್ಚದೆಯೇ ಪಡಸಾಲೆಗೆ ನುಗ್ಗಿದೆ. ಅತ್ತೆಯವರು ತೊಟ್ಟಿಯ ಮುಂದೆ ಸ್ಟೂಲಿನ ಮೇಲೆ ಕೂತು ಬೀಸಣಿಗೆಯಿಂದ ನೀರಿನ ಮೇಲೆ ಗಾಳಿ ಬೀಸುತ್ತಿದ್ದರು. ಕರೆಂಟು ಇನ್ನೂ ಬಂದಿರಲಿಲ್ಲ. ಅವರ ಕುಪ್ಪಸ ಬೆವರಿನಿಂದ ಬೆನ್ನಿಗೆ ಅಂಟಿತ್ತು. ತೊಟ್ಟಿ ಕಂಠಪೂರ್ತಿ ತುಂಬಿತ್ತು. ಅದರ ನಟ್ಟನಡುವೆ, ಬಾಲವನ್ನು ಸೆರಗಿನಂತೆ ಬೀಸುತ್ತ, ನಮ್ಮ ಗೌಡ್ರು ಗಂಭೀರವಾಗಿ ಗಸ್ತು ತಿರುಗುತ್ತಿದ್ದರು. ಹಿಂದೆ ಅವರ ಮಂದಿ, ನಾಲ್ಕೂ.

ನಾನು ಬಗ್ಗಿ ನೀರಿಗೆ ಮೂಗು ಹಚ್ಚಿದೆ. ಬ್ಲೀಚಿಂಗಿನ ಘಾಟೇ ಇಲ್ಲ. ಥರ್ಮಾಮೀಟರು ಇಪ್ಪತ್ತಾರು.

“ಯಾವ ನೀರು ಹಾಕೀರಿ ಅತ್ತಿ?”

“ಯಾವುದಂದ್ರ? ಹರವಿದು. ಫ್ಯಾನ್ ನಿಂತ ಮ್ಯಾಲೆ ಗೌಡ್ರು ಮ್ಯಾಲೆ ಬಂದು ಬಾಯಿ ಬಾಯಿ ಬಿಡಾಕತ್ತಿದ್ರು. ನೋಡಕೋತ ಕುಂದ್ರಲೇನು? ಹರವಿದು, ಕುಡ್ಯಾಕಂತ ಮೊದಲ ಕುಂದ್ರಿಸಿಟ್ಟಿದ್ದ ಎರಡು ಕೊಡದಾಗಿಂದು, ತಂಬಿಗಿಲೆ ಒಂದೊಂದ ಹೊಯ್ದೆ. ಮ್ಯಾಲಿಂದ, ಸಣ್ಣ ಧಾರಿ ಬಿಟ್ಟು. ಮೂರು ತಾಸು ಹಿಡೀತು.”

“ನಳದ್ದು ಹಾಕಲಿಲ್ಲೇನ್ರಿ?”

ಅತ್ತೆಯವರು ಬೀಸಣಿಗೆ ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿದರು. “ಮನಿಗೆ ಬಂದವರಿಗೆ ನಳ ಬಂದ ದಿನದ ನೀರು ಕೊಡತಾರೇನು? ಆ ವಾಸನಿ ನೀರು? ಎಷ್ಟು ವರ್ಷಾತು ಈ ಮನಿಗೆ ಬಂದು, ಇನ್ನೂ ಇದೊಂದು ತಿಳೀಲಿಲ್ಲ ನಿನಗ.”

ನಾನು ಅಲ್ಲೇ ನೆಲದ ಮೇಲೆ ಕೂತೆ. ಬಸ್ಸಿನಲ್ಲಿ ಸಾಲು ನಿಂತಿದ್ದ ಮಾತುಗಳು ತಾವಾಗಿಯೇ ಚದುರಿಹೋದವು. ಕೂತ ನೀರಿಗೆ ಬ್ಲೀಚಿಂಗ್ ಇಲ್ಲ, ಹರವಿಯ ನೀರಿಗೆ ಕಾವಿಲ್ಲ, ಸಣ್ಣ ಧಾರೆಯಾಗಿ ಮೇಲಿಂದ ಬಿದ್ದ ನೀರು ಗಾಳಿಯನ್ನೂ ಒಳಗೆ ಒಯ್ಯುತ್ತದೆ, ನಿಧಾನ ಹಾಕಿದ್ದರಿಂದ ಮೈಗೆ ಆಘಾತವಿಲ್ಲ. ಪರೀಕ್ಷೆಯಲ್ಲಿ ಕೇಳಿದ್ದರೆ ನಾನು ನಾಲ್ಕಕ್ಕೆ ನಾಲ್ಕು ಅಂಕ ಕೊಡಬೇಕಾದ ಉತ್ತರ. ಅತ್ತೆಯವರು ಅದನ್ನು ಉತ್ತರವೆಂದು ತಿಳಿದು ಬರೆದವರಲ್ಲ. ಮನೆಗೆ ಬಂದ ಹಿರಿಯರಿಗೆ ಬಾಯಾರಿದೆ, ಮನೆಯಲ್ಲಿರುವ ಒಳ್ಳೆಯ ನೀರು ಕೊಡಬೇಕು. ಅವರ ಲೆಕ್ಕ ಇಷ್ಟೇ.

ಏಳಕ್ಕೆ ಫೋನು ಬಂತು. “ಹೆಂಗದಾರ್ರಿ ಟೀಚರ್ರ?” ಎಂದರು. “ಆರಾಮದಾರ್ರಿ” ಎಂದೆ, ಈ ಸಲ ಸುಳ್ಳಲ್ಲದೆ. ಅಷ್ಟಕ್ಕೇ ಬಿಡದೆ ವಿಡಿಯೋ ಹಚ್ಚಿ ಫೋನನ್ನು ಗಾಜಿಗೆ ಹಿಡಿದು ತೋರಿಸಿದೆ. ಗೌಡ್ರು ಬಂದು ಪರದೆಯಲ್ಲಿದ್ದ ಪೊದೆಮೀಸೆಯನ್ನು ಒಂದು ಕ್ಷಣ ವಿಚಾರಿಸಿಕೊಂಡು ಹೋದರು. ಆ ಕಡೆಯಿಂದ ಒಂದು ಕೆಮ್ಮು ಕೇಳಿಸಿತು. ವರಾಂಡದಲ್ಲಿ ನಮ್ಮನ್ನೆಲ್ಲ ನೆಟ್ಟಗೆ ಕೂಡಿಸುತ್ತಿದ್ದ ಅದೇ ಕೆಮ್ಮು, ಆದರೆ ಈಗ ಒದ್ದೆಯಾಗಿತ್ತು.

ಫೋನು ಇಟ್ಟ ಮೇಲೆಯೇ ನನಗೆ ನನ್ನ ಬಾಯಾರಿಕೆ ನೆನಪಾದದ್ದು. ಮಧ್ಯಾಹ್ನದಿಂದ ಒಂದು ಗುಟುಕೂ ನೀರು ಕುಡಿದಿರಲಿಲ್ಲ. ಅತ್ತೆಯವರು ಒಳಗೆ ಹೋಗಿ ದೊಡ್ಡ ಲೋಟ ತುಂಬಿ ತಂದು ಕೊಟ್ಟರು. ಬಾಯಿಯ ಹತ್ತಿರ ಒಯ್ದೆ. ಬ್ಲೀಚಿಂಗಿನ ಘಾಟು ಗಪ್ಪೆಂದು ಮೂಗಿಗೆ ಹೊಡೆಯಿತು.

“ಅತ್ತಿ, ಇದು...”

“ನಳದ್ದು. ಹರವ್ಯಾಗ ಎಲ್ಲೈತಿ? ಎಲ್ಲಾ ಗೌಡ್ರು ಕುಡದ್ರಲ್ಲ. ಇವತ್ತೊಂದು ದಿನ ತಡಕೋ.” ಎರಡು ಹೆಜ್ಜೆ ಹೋದವರು ತಿರುಗಿ ನಿಂತು, “ನೀನೇನು ಬೀಗತಿ ಏನು ನನಗ? ಮನಿ ಹೆಣ್ಮಗಳು” ಎಂದರು.

ನಾನು ಈ ಮನೆಗೆ ಕಾಲಿಟ್ಟ ದಿನವೂ ನಳ ಬಂದಿತ್ತು. ಹೊಸ್ತಿಲ ಬಳಿ ಸಾಲಾಗಿಟ್ಟ ಕೊಡಗಳನ್ನು ದಾಟಿಕೊಂಡೇ ನಾನು ಒಳಗೆ ಬಂದದ್ದು. ಅವತ್ತು ನನಗೆ ಹರವಿಯ ನೀರು ಕೊಟ್ಟು, ಅತ್ತೆಯವರು ಒಂದು ಸ್ಟೀಲಿನ ಲೋಟದಿಂದ ಬೇರೇನೋ ಕುಡಿದು ಮುಖ ಕಿವಿಚಿದ್ದು ಈಗ ನೆನಪಾಯಿತು.

ಗಾಜಿನ ಆಚೆ ಗೌಡ್ರು ತಂಪಾಗಿ ತಿರುಗುತ್ತಿದ್ದರು. ನಾನು ಮೂಗು ಹಿಡಿದುಕೊಂಡು ಲೋಟ ಬರಿದುಮಾಡಿ, ಇನ್ನೊಂದು ಲೋಟ ಕೇಳಿದೆ.